ಅತ್ತೆ ‘ಮನೆಗೆ ಹೋಗಬೇಕು’ ಎನ್ನುತ್ತಾರೆ, ನಾನು ಎಲ್ಲಿಗೆ ಹೋಗಲಿ?

ಪ್ರಶ್ನೆ: ಮೇಡಂ, ನಮ್ಮದು ತಿಪಟೂರು. ನನಗೆ 47 ವರ್ಷ. ನಮ್ಮ ಯಜಮಾನರು ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ನಮ್ಮ ಅತ್ತೆಗೆ 76. ಎರಡು ವರ್ಷದಿಂದ ಮರೆವು. ಆಲ್‌ಝೈಮರ್ ಕಾಯಿಲೆ ಎಂದು ಬೆಂಗಳೂರಿನ ಡಾಕ್ಟರು ಹೇಳಿ ಮಾತ್ರೆ ಬರೆದುಕೊಟ್ಟಿದ್ದಾರೆ. ಹಗಲು ಹೇಗೋ ಕಳೆಯುತ್ತದೆ. ಸಂಜೆ ಐದಾದರೆ ಸಾಕು, ಎರಡು ಸೀರೆ ಗಂಟು ಕಟ್ಟಿ ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಾರೆ. ‘ನಮ್ಮ ಮನೆಗೆ ಹೋಗಬೇಕು, ಹಾಲು ಕರೆಯುವ ಹೊತ್ತಾಯಿತು’ ಎನ್ನುತ್ತಾರೆ. ಹಸು ಮಾರಿ ಇಪ್ಪತ್ತು ವರ್ಷವಾಯಿತು, ಇದೇ ನಿಮ್ಮ ಮನೆ ಎಂದರೆ ಅಳುತ್ತಾರೆ, ಬೈಯುತ್ತಾರೆ. ಅವರ ಕಾಸಿನ ಸರ ಕದ್ದವಳು ನಾನು ಎಂದು ಬೀದಿಗೆಲ್ಲ ಹೇಳಿದ್ದಾರೆ. ಆ ಸರವನ್ನು ಅವರೇ ತಮ್ಮ ಮಗಳ ಮದುವೆಯಲ್ಲಿ ಕೊಟ್ಟದ್ದು. ರಾತ್ರಿ ಎರಡಕ್ಕೆ ಎದ್ದು ಚಿಲಕ ಅಲುಗಾಡಿಸುತ್ತಾರೆ. ನಾನು ಸರಿಯಾಗಿ ನಿದ್ದೆ ಮಾಡಿ ಎಷ್ಟು ಕಾಲವಾಯಿತೋ ನೆನಪಿಲ್ಲ. ಯಜಮಾನರು ‘ವಯಸ್ಸಾದ ಮೇಲೆ ಎಲ್ಲರೂ ಹೀಗೇ’ ಎಂದು ಮಗ್ಗುಲು ಬದಲಿಸುತ್ತಾರೆ. ಬೆಂಗಳೂರಿನ ಮೈದುನ ತಿಂಗಳಿಗೆ ಐದು ಸಾವಿರ ಕಳಿಸುತ್ತಾರೆ, ಫೋನಿನಲ್ಲಿ ‘ಅಮ್ಮ ಚೆನ್ನಾಗಿಯೇ ಮಾತನಾಡಿದರಲ್ಲ ಅತ್ತಿಗೆ’ ಎನ್ನುತ್ತಾರೆ. ಹಾಸನದ ನಾದಿನಿ ‘ಸೊಸೆ ಇರುವಾಗ ನಾನು ಬಂದು ಏನು ಮಾಡಲಿ’ ಎನ್ನುತ್ತಾರೆ. ಮೂರು ಮನೆಯಲ್ಲೂ ಸರದಿಯ ಮೇಲೆ ಇಟ್ಟುಕೊಳ್ಳೋಣ ಎಂಬ ಮಾತು ಬಂದು ಅಲ್ಲಿಗೇ ನಿಂತಿದೆ. ಕಳೆದ ವಾರ ಸ್ನಾನ ಮಾಡಿಸುವಾಗ ಅತ್ತೆ ಚೊಂಬಿನಿಂದ ನನ್ನ ಕೈಗೆ ಹೊಡೆದರು. ನಾನೂ ಕೈ ಎತ್ತಿಬಿಟ್ಟೆ. ಹೊಡೆಯಲಿಲ್ಲ, ಆದರೆ ಮಗಳು ನೋಡಿದಳು. ಆ ರಾತ್ರಿ ‘ಇವರನ್ನು ಬೇಗ ಕರೆದುಕೊಂಡುಬಿಡು’ ಎಂದು ದೇವರನ್ನು ಬೇಡಿದೆ. ನಾನು ಇಂಥವಳಾಗಿಬಿಟ್ಟೆನೇ? ಎಲ್ಲರೂ ಧ್ಯಾನ ಮಾಡು ಎನ್ನುತ್ತಾರೆ. ಕಣ್ಣು ಮುಚ್ಚಿ ಕುಳಿತರೆ ತೂಕಡಿಕೆ ಬರುತ್ತದೆ.

ಉತ್ತರ: ತೂಕಡಿಕೆ ಬಂದರೆ ಧ್ಯಾನ ಬಿಟ್ಟು ಮಲಗಿಬಿಡಿ ತಾಯಿ. ನಿಮ್ಮ ದೇಹ ಏನು ಕೇಳುತ್ತಿದೆ ಎಂಬುದನ್ನು ಅದೇ ಹೇಳುತ್ತಿದೆ. ನಿದ್ದೆಗೆಟ್ಟ ಹೆಂಗಸಿಗೆ ಧ್ಯಾನದ ಉಪದೇಶ ಮಾಡುವವರು ಅದರ ಬದಲು ಒಂದು ರಾತ್ರಿ ಬಂದು ಆ ಚಿಲಕದ ಪಕ್ಕ ಮಲಗಲಿ.

ನಾನು ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ಮರೆವಿನ ಕಾಯಿಲೆಯವರು ಹೊರರೋಗಿ ವಿಭಾಗಕ್ಕೆ ಬಂದಾಗ ನನ್ನ ಕಣ್ಣು ಮೊದಲು ಹೋಗುತ್ತಿದ್ದುದು ಅವರ ಜೊತೆಗೆ ಬಂದವರ ಮೇಲೆ. ಅಜ್ಜಿಗೆ ಎಣ್ಣೆ ಹಚ್ಚಿ ತಲೆ ಬಾಚಿ, ಹೂವು ಮುಡಿಸಿ, ಹಣೆಗೆ ಕುಂಕುಮ ಇಟ್ಟಿರುತ್ತಿದ್ದರು. ಕರೆತಂದ ಸೊಸೆಯ ರವಿಕೆಗೆ ಗುಂಡಿಯ ಜಾಗದಲ್ಲಿ ಪಿನ್ನು, ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ. ಅಜ್ಜಿಯ ರಕ್ತದೊತ್ತಡ ನೋಡಿದ ಮೇಲೆ ಅದೇ ಪಟ್ಟಿಯನ್ನು ಸೊಸೆಯ ತೋಳಿಗೂ ಸುತ್ತಿ ಎಂದು ನಾನು ನರ್ಸ್‌ಗಳಿಗೆ ಹೇಳುತ್ತಿದ್ದೆ. ಎಷ್ಟೋ ಸಲ ಮಾತ್ರೆ ಬೇಕಾಗುತ್ತಿದ್ದುದು ಸೊಸೆಗೆ.

ನಿಮ್ಮ ಆ ಪ್ರಾರ್ಥನೆಯ ವಿಷಯ ಮೊದಲು ಮುಗಿಸೋಣ. ಅಜ್ಜಿಯನ್ನು ಒಳಗೆ ಕರೆದುಕೊಂಡು ಹೋದ ಮೇಲೆ, ದನಿ ತಗ್ಗಿಸಿ, ಇದೇ ಮಾತನ್ನು ನನ್ನ ಮೇಜಿನ ಮುಂದೆ ಹೇಳದವರು ಕಡಿಮೆ. ಹೆಣ್ಣುಮಕ್ಕಳು ಹೇಳಿದ್ದಾರೆ, ಗಂಡುಮಕ್ಕಳು ಹೇಳಿದ್ದಾರೆ, ಐವತ್ತು ವರ್ಷ ಜೊತೆಗೆ ಬಾಳಿದ ಗಂಡಂದಿರು ಹೇಳಿದ್ದಾರೆ. ಹೇಳಿದ ಮರುದಿನವೂ ಅವರೇ ಗಂಜಿ ಕಲಸಿ ಕುಡಿಸಿದ್ದಾರೆ. ನೀವು ಇಂಥವಳೂ ಅಲ್ಲ, ಅಂಥವಳೂ ಅಲ್ಲ. ನಿದ್ದೆಯಿಲ್ಲದವಳು, ಅಷ್ಟೇ.

ಎತ್ತಿದ ಕೈಯ ವಿಷಯ ಬೇರೆ. ಅದನ್ನು ‘ಹೋಗಲಿ ಬಿಡಿ’ ಎನ್ನಲಾರೆ. ಜ್ವರದ ಅಳತೆ ನೋಡಿದ ಹಾಗೆ ಅದನ್ನು ನೋಡಿ: ಅಳತೆ ಏರಿದೆ, ಈಗಲೇ ಏನಾದರೂ ಬದಲಾಗಬೇಕು. ಮತ್ತೆ ಹಾಗಾದರೆ ನೀರು ನಿಲ್ಲಿಸಿ, ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ ಟವೆಲ್ ಹೊದಿಸಿ, ನೀವು ಬಚ್ಚಲ ಬಾಗಿಲ ಹೊರಗೆ ಬಂದು ನಿಲ್ಲಿ. ಸ್ನಾನ ಅರ್ಧಕ್ಕೆ ನಿಂತರೆ ಯಾರಿಗೂ ಏನೂ ಆಗುವುದಿಲ್ಲ. ನಿತ್ಯ ಸ್ನಾನ ಆಗಲೇಬೇಕೆಂಬ ಹಟವನ್ನೂ ಬಿಡಿ. ವಾರಕ್ಕೆ ಎರಡು ಮೂರು ಸ್ನಾನ, ಉಳಿದ ದಿನ ಬಿಸಿನೀರಿನ ಬಟ್ಟೆಯಲ್ಲಿ ಮೈ ಒರೆಸುವುದು ಸಾಕು. ಒಂದು ಕ್ಷಣ ಅವರ ಕಡೆಯಿಂದಲೂ ಯೋಚಿಸಿ. ಯಾರೋ ಒಬ್ಬಳು ಬಂದು ಸೀರೆ ಬಿಚ್ಚಿ ತಲೆಯ ಮೇಲೆ ನೀರು ಹೊಯ್ಯುತ್ತಾಳೆ, ಅವಳು ಯಾರೆಂದೂ ಏಕೆಂದೂ ತಿಳಿಯುವುದಿಲ್ಲ. ನೀವಾದರೂ ಚೊಂಬು ಬೀಸುತ್ತಿದ್ದಿರಿ. ಆ ಚೊಂಬನ್ನು ಅವರ ಕೈಗೇ ಕೊಡಿ. ಮೊದಲ ನೀರು ಪಾದಕ್ಕೆ, ಆಮೇಲೆ ಮೊಣಕಾಲಿಗೆ, ತಲೆಗೆ ಕಡೆಯಲ್ಲಿ. ಮೈಮೇಲೆ ಒಂದು ಬಟ್ಟೆ ಇರಲಿ, ಅದರ ಮೇಲೆಯೇ ನೀರು ಹಾಕಿಕೊಳ್ಳಲಿ. ಮುಂಚೆ ಅವರು ಸ್ನಾನ ಮಾಡುತ್ತಿದ್ದುದು ಬೆಳಗಿನ ಜಾವವೋ ಅಡುಗೆಯ ನಂತರವೋ ನೆನಪು ಮಾಡಿಕೊಂಡು ಅದೇ ಹೊತ್ತನ್ನು ಇಟ್ಟುಕೊಳ್ಳಿ.

ಕಾಸಿನ ಸರದ ಆರೋಪ ನಿಮ್ಮನ್ನು ಹೆಚ್ಚು ಸುಟ್ಟಿದೆ ಎಂದು ಪತ್ರದ ಅಕ್ಷರವೇ ಹೇಳುತ್ತದೆ, ಆ ಸಾಲಿನಲ್ಲಿ ಪೆನ್ನು ಕಾಗದ ಹರಿದಿದೆ. ಇಟ್ಟ ವಸ್ತು ಸಿಗದಾಗ, ಇಟ್ಟದ್ದು ಮರೆತಿದೆ ಎಂಬುದೂ ಮರೆತಿರುವಾಗ, ಆ ಮನಸ್ಸಿಗೆ ಉಳಿಯುವ ಒಂದೇ ವಿವರಣೆ ಕಳ್ಳತನ. ಈ ಕಾಯಿಲೆಯಲ್ಲಿ ಇದು ತೀರಾ ಸಾಮಾನ್ಯ ಲಕ್ಷಣ, ಮತ್ತು ಆರೋಪ ಬೀಳುವುದು ಹೆಚ್ಚಾಗಿ ದಿನವೆಲ್ಲ ಕಣ್ಣ ಮುಂದೆ ಇರುವವರ ಮೇಲೆ. ನಿಮ್ಮ ನಾದಿನಿ ಬಂದು ಆರು ತಿಂಗಳು ನೋಡಿಕೊಂಡರೆ ಕಳ್ಳಿ ಅವರಾಗುತ್ತಾರೆ. ಸಾಕ್ಷಿ ಹೇಳಲು ಹೋಗಬೇಡಿ, ಮದುವೆಯ ಆಲ್ಬಮ್ ತಂದು ತೋರಿಸಬೇಡಿ. ‘ಅಯ್ಯೋ, ಬನ್ನಿ ಅತ್ತೆ, ಹುಡುಕೋಣ’ ಎಂದು ಜೊತೆಗೆ ಬೀರು ತೆಗೆಯಿರಿ. ಪೇಟೆಯಲ್ಲಿ ಒಂದು ಗ್ರಾಂ ಚಿನ್ನದ ಅಂಗಡಿಯಲ್ಲಿ ಅಂಥದೇ ಒಂದು ಸರ ತಂದು, ಅವರು ಕೈ ಹಾಕುವ ಪೆಟ್ಟಿಗೆಯಲ್ಲಿ ಇಟ್ಟುಬಿಡಿ. ಸುಳ್ಳಲ್ಲವೇ ಎನ್ನುವವರಿಗೆ ಉತ್ತರ ಕೊಡುವ ಕೆಲಸ ನಿಮ್ಮದಲ್ಲ. ಬೀದಿಯವರ ಪೈಕಿ ನಂಬಿಕೆಯ ಇಬ್ಬರಿಗೆ ಕಾಯಿಲೆಯ ಹೆಸರು ಹೇಳಿಡಿ. ಅದರಿಂದ ಎರಡು ಲಾಭ: ಮಾತು ಹಬ್ಬುವುದು ನಿಲ್ಲುತ್ತದೆ, ಅತ್ತೆ ಗಂಟು ಹಿಡಿದು ರಸ್ತೆಗೆ ಇಳಿದರೆ ಯಾರಾದರೂ ಕೈ ಹಿಡಿದು ವಾಪಸು ತರುತ್ತಾರೆ. ಅವರ ಸೀರೆಯ ಸೆರಗಿನ ಒಳಮಗ್ಗುಲಿಗೆ ನಿಮ್ಮ ಮೊಬೈಲ್ ಸಂಖ್ಯೆ ಬರೆದ ಬಟ್ಟೆಯ ತುಂಡು ಹೊಲಿಯಿರಿ.

ಸಂಜೆಯ ಹಟವೂ ಕಾಯಿಲೆಯದೇ ಭಾಗ. ಬೆಳಕು ಇಳಿಯುವ ಹೊತ್ತಿಗೆ ಇಂಥವರಿಗೆ ಕಳವಳ ಏರುತ್ತದೆ. ಕತ್ತಲಾದ ಮೇಲೆ ದೀಪ ಹಾಕಬೇಡಿ, ನಾಲ್ಕೂವರೆಗೇ ಹಾಕಿ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆಗೆ ನಿಲ್ಲಲಿ, ಸಂಜೆಯ ಕಾಫಿ ಬೆಳಗಿಗೆ ಹೋಗಲಿ. ‘ಇದೇ ನಿಮ್ಮ ಮನೆ’ ಎಂಬ ವಾದದಲ್ಲಿ ನೀವು ಎಂದೂ ಗೆಲ್ಲುವುದಿಲ್ಲ, ಏಕೆಂದರೆ ಅವರು ಕೇಳುತ್ತಿರುವ ಮನೆ ತಿಪಟೂರಿನಲ್ಲಿ ಇಲ್ಲ. ಅವರು ಮೂವತ್ತರ ಹರೆಯದಲ್ಲಿದ್ದಾಗಿನ ಕಾಲದಲ್ಲಿದೆ. ಹಸುವಿನ ಹೆಸರು ಕೇಳಿ. ಎಷ್ಟು ಹಾಲು ಕೊಡುತ್ತಿತ್ತು, ಒದೆಯುತ್ತಿತ್ತೇ, ಕರು ಹೋರಿಯೋ ಹೆಣ್ಣೋ ಎಂದು ಕೇಳಿ. ಹೋಗಲೇಬೇಕೆಂದರೆ ಚಪ್ಪಲಿ ಹಾಕಿಸಿ ಬೀದಿಯ ಕೊನೆಯವರೆಗೆ ಹೋಗಿ ಬನ್ನಿ. ಎಷ್ಟೋ ಸಲ ಹಿಂತಿರುಗಿ ಬಂದ ಬಾಗಿಲೇ ಅವರ ಮನೆಯಾಗಿರುತ್ತದೆ. ಕೈಗೆ ಒಂದು ಕೆಲಸವಿರಲಿ. ಹೆಸರುಗಳು ಅಳಿಸಿಹೋದ ಮೇಲೂ ಕೈ ಕಲಿತದ್ದು ಬಹಳ ದಿನ ಉಳಿಯುತ್ತದೆ: ಹತ್ತಿ ಕೊಟ್ಟರೆ ಬತ್ತಿ ಹೊಸೆಯುತ್ತಾರೆ, ಮೊರದಲ್ಲಿ ಹುರುಳಿ ಹಾಕಿಕೊಟ್ಟರೆ ಹಸನು ಮಾಡುತ್ತಾರೆ, ಅವರೆಕಾಯಿ ಕಾಲದಲ್ಲಂತೂ ಎರಡು ಕಿಲೋ ಮುಂದೆ ಸುರಿಯಿರಿ. ಆಗಿಹೋದ ಹುರುಳಿಯನ್ನು ನಾಳೆ ಮತ್ತೆ ಕಲ್ಲು ಬೆರೆಸಿ ಕೊಟ್ಟರೂ ಅವರಿಗೆ ಬೇಸರವಿಲ್ಲ.

ಎರಡು ಎಚ್ಚರಿಕೆ. ಒಂದೆರಡು ದಿನಗಳಲ್ಲಿ ದಿಢೀರನೆ ಗೊಂದಲ ಹೆಚ್ಚಿದರೆ ಅದನ್ನು ಮರೆವಿನ ಖಾತೆಗೆ ಹಾಕಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ನೀರು ಕಡಿಮೆ ಕುಡಿದದ್ದು, ಹೊಸ ಮಾತ್ರೆ ಏನೂ ಕಾರಣವಿರಬಹುದು. ವಯಸ್ಸಾದವರಲ್ಲಿ ಮೂತ್ರದ ಸೋಂಕಿಗೆ ಉರಿ ಜ್ವರ ಇಲ್ಲದೆ ಬರೀ ಗಲಿಬಿಲಿಯೇ ಗುರುತಾಗುವುದುಂಟು. ತಕ್ಷಣ ಡಾಕ್ಟರಿಗೆ ತೋರಿಸಿ. ಥೈರಾಯ್ಡ್ ಮತ್ತು ವಿಟಮಿನ್ ಬಿ12 ಪರೀಕ್ಷೆ ಆಗಿದೆಯೇ ಎಂದೂ ಹಳೆಯ ಚೀಟಿಗಳಲ್ಲಿ ನೋಡಿ. ಇನ್ನೊಂದು, ಔಷಧದ ಅಂಗಡಿಯಿಂದ ನೀವಾಗಿ ನಿದ್ದೆ ಮಾತ್ರೆ ತಂದು ಅವರಿಗೆ ಕೊಡಬೇಡಿ. ಇಂಥವರಿಗೆ ಆ ಮಾತ್ರೆಗಳಿಂದ ಗೊಂದಲ ಹೆಚ್ಚುತ್ತದೆ, ರಾತ್ರಿ ಎದ್ದು ಬಿದ್ದು ಸೊಂಟದ ಮೂಳೆ ಮುರಿಯುತ್ತದೆ. ಆಮೇಲೆ ನಿಮ್ಮ ಕಷ್ಟ ಇಂದಿನದರ ನಾಲ್ಕರಷ್ಟು.

ಇಷ್ಟು ಹೇಳಿದ್ದು ಅತ್ತೆಯ ಬಗ್ಗೆ. ಇದನ್ನೆಲ್ಲ ನೀವೊಬ್ಬರೇ ಮಾಡಿದರೆ ಮುಂದಿನ ವರ್ಷ ಇನ್ನೂ ಅಚ್ಚುಕಟ್ಟಾಗಿ ಕುಸಿಯುತ್ತೀರಿ. ನಿಮ್ಮ ಒತ್ತಡದ ಬೇರು ನಿಮ್ಮ ಮನಸ್ಸಿನಲ್ಲಿದೆ ಎಂದು ನನಗೆ ಅನ್ನಿಸುತ್ತಿಲ್ಲ. ಅದು ನಿಮ್ಮ ಮನೆಯ ಗಂಟೆಗಳ ಲೆಕ್ಕದಲ್ಲಿದೆ. ಯಜಮಾನರು ಲೆಕ್ಕ ಬರೆಯುವವರಲ್ಲವೇ? ಒಳ್ಳೆಯದಾಯಿತು. ಒಂದು ನೋಟ್‌ಬುಕ್ ತೆಗೆದುಕೊಂಡು ಒಂದೇ ಒಂದು ವಾರ ಬರೆಯಿರಿ: ಎಷ್ಟು ಗಂಟೆಗೆ ಏನಾಯಿತು, ಯಾರು ಎದ್ದರು, ಯಾರು ಒರೆಸಿದರು, ಯಾರು ಊಟ ಮಾಡಿಸಿದರು. ಯಾರನ್ನೂ ಬೈಯುವ ಸಾಲು ಬೇಡ, ಬರೀ ಗಂಟೆ ಮತ್ತು ಹೆಸರು. ಭಾನುವಾರ ಅದನ್ನು ಅವರ ಮುಂದಿಟ್ಟು ಕೂಡಿಸಲು ಹೇಳಿ. ಹತ್ತು ಸಲ ಅತ್ತರೂ ಕಾಣದ್ದು ಲೆಕ್ಕದವರಿಗೆ ಒಟ್ಟು ಮೊತ್ತದಲ್ಲಿ ಕಾಣುತ್ತದೆ.

ಅವರು ಅಮ್ಮನಿಗೆ ಸ್ನಾನ ಮಾಡಿಸಲಾರರು, ಒಪ್ಪೋಣ. ರಾತ್ರಿ ಎದ್ದು ಚಿಲಕದಿಂದ ಕೈ ಬಿಡಿಸಿ ‘ಅಮ್ಮಾ, ಬೆಳಗಾಗಲಿ, ನಾನೇ ಕರೆದುಕೊಂಡು ಹೋಗುತ್ತೇನೆ’ ಎನ್ನಲು ಮಗನಿಗಿಂತ ಯೋಗ್ಯರು ಯಾರು? ದಿನ ಬಿಟ್ಟು ದಿನ ರಾತ್ರಿ ಅವರದು. ಮಂಡಿಯ ಕೊಬ್ಬರಿ ಹರಾಜಿನ ಹಿಂದಿನ ರಾತ್ರಿ ಬೇಕಾದರೆ ವಿನಾಯಿತಿ ಕೊಡಿ. ನಿಮ್ಮ ರಜೆಯ ರಾತ್ರಿ ನೀವು ಮಗಳ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಬೇಕು. ಸದ್ದು ಕೇಳಿದರೂ ಏಳಬಾರದು. ಮೊದಮೊದಲು ಇದು ನಿಮಗೆ ಎಲ್ಲಕ್ಕಿಂತ ಕಷ್ಟವಾಗುತ್ತದೆ.

ಮೈದುನನಿಗೆ ‘ನೀವೂ ಸ್ವಲ್ಪ ನೋಡಿಕೊಳ್ಳಿ’ ಎಂದರೆ ಐದು ಸಾವಿರ ಆರಾಗುತ್ತದೆ, ಅಷ್ಟೇ. ಹೀಗೆ ಕೇಳಿ: ‘ತಿಂಗಳಲ್ಲಿ ಎರಡು ಶನಿವಾರ ಬೆಳಗಿನ ರೈಲಿಗೆ ಬನ್ನಿ, ಭಾನುವಾರ ಸಂಜೆ ಹೋಗಿ. ಆ ಎರಡು ದಿನ ನಾನು ತವರಿಗೆ ಹೋಗುತ್ತೇನೆ.’ ಹೋಗಿಯೂ ಬಿಡಿ. ಅಡುಗೆ ಮಾಡಿಟ್ಟು ಹೋಗಬೇಡಿ. ಫೋನಿನಲ್ಲಿ ಐದು ನಿಮಿಷ ಚೆನ್ನಾಗಿ ಮಾತನಾಡುವ ಅಮ್ಮನನ್ನೇ ಅವರು ಕೇಳಿರುವುದು. ಈ ಕಾಯಿಲೆಯವರು ಹೊರಗಿನವರ ಮುಂದೆ, ಫೋನಿನಲ್ಲಿ, ಸ್ವಲ್ಪ ಹೊತ್ತು ಎಲ್ಲವನ್ನೂ ಸರಿದೂಗಿಸಿಬಿಡುತ್ತಾರೆ. ಒಂದು ರಾತ್ರಿ ಅಲ್ಲಿ ಮಲಗಿದ ಮೇಲೆ ಮೈದುನ ‘ಚೆನ್ನಾಗಿಯೇ ಇದ್ದಾರಲ್ಲ’ ಎನ್ನುವುದಿಲ್ಲ. ಅವರು ಕಳಿಸುವ ಹಣವನ್ನು ಮನೆಖರ್ಚಿಗೆ ಬೆರೆಸದೆ, ಸಂಜೆ ನಾಲ್ಕರಿಂದ ಎಂಟರವರೆಗೆ ಒಬ್ಬ ಹೆಂಗಸನ್ನು ಇಟ್ಟುಕೊಳ್ಳಲು ಬಳಸಿ. ಆ ನಾಲ್ಕು ಗಂಟೆ ಮಗಳ ಓದಿಗೂ ಬೇಕು.

ಸರದಿಯ ಯೋಚನೆ ನಿಂತುಹೋದದ್ದು ಒಳ್ಳೆಯದೇ ಆಯಿತು. ಅದು ಕೇಳಲು ನ್ಯಾಯವೆನಿಸುತ್ತದೆ, ಮರೆವಿನವರಿಗೆ ಮಾತ್ರ ದೊಡ್ಡ ಹಿಂಸೆ. ಹೊಸ ಮನೆಯಲ್ಲಿ ಬಚ್ಚಲು ಎಲ್ಲಿ ಎಂದು ತಿಳಿಯುವಷ್ಟರಲ್ಲಿ ಮುಂದಿನ ಮನೆಗೆ ಸಾಗಿಸುತ್ತಾರೆ. ಅತ್ತೆ ಇದ್ದಲ್ಲೇ ಇರಲಿ, ಮಕ್ಕಳು ಸರದಿಯ ಮೇಲೆ ಬರಲಿ.

ನಾದಿನಿಯ ಮಾತಿಗೆ ಒಂದು ವಿಷಯ ತಿಳಿದಿರಲಿ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪಾಲನೆ, ಪೋಷಣೆಯ ಕಾನೂನು 2007ರಲ್ಲಿ ಬಂತು. ಹೆತ್ತವರನ್ನು ನೋಡಿಕೊಳ್ಳಬೇಕಾದ ಮಕ್ಕಳೆಂದು ಅದು ಹೆಸರಿಸಿರುವುದು ಮಗ, ಮಗಳು, ಮೊಮ್ಮಗ, ಮೊಮ್ಮಗಳನ್ನು. ಆ ಪಟ್ಟಿಯಲ್ಲಿ ಸೊಸೆ ಇಲ್ಲ. ಮಗಳು ಇದ್ದಾಳೆ. ಕೋರ್ಟು ಕಚೇರಿ ಹತ್ತಿ ಎಂದು ನಾನು ಹೇಳುತ್ತಿಲ್ಲ, ಹತ್ತಲೂ ಬೇಡಿ. ‘ಸೊಸೆ ಇರುವಾಗ’ ಎಂಬ ಮಾತು ಮತ್ತೆ ಬಂದರೆ ಯಜಮಾನರ ಬಾಯಿಂದ ಇದನ್ನು ಹೇಳಿಸಿ. ನೀವು ಹೇಳಿದರೆ ಜಗಳ, ಅಣ್ಣ ಹೇಳಿದರೆ ಮಾತು.

ಇನ್ನು ನಿಮ್ಮ ದೇಹ. ನಲವತ್ತೇಳರಲ್ಲಿ ಮುಟ್ಟು ನಿಲ್ಲುವ ಕಾಲದ ಏರುಪೇರು ಬೇರೆ ಇರುತ್ತದೆ. ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ರಕ್ತದೊತ್ತಡ ಈ ತಿಂಗಳೇ ನೋಡಿಸಿ. ಬೆಳಗ್ಗೆ ಎದ್ದಾಗಲೇ ಅಳು ಬರುತ್ತಿದ್ದರೆ, ಊಟ ರುಚಿಸದಿದ್ದರೆ, ಸಾಯುವ ಯೋಚನೆ ಒಮ್ಮೆ ಸುಳಿದರೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ, ಹಗಲುರಾತ್ರಿ ಸಿಗುತ್ತದೆ, ಶುಲ್ಕವಿಲ್ಲ, ಕನ್ನಡದಲ್ಲಿ ಮಾತನಾಡುತ್ತಾರೆ. ರಾತ್ರಿ ಎರಡು ಗಂಟೆಯ ನಿಮ್ಮ ಎಚ್ಚರಕ್ಕೂ ಅಲ್ಲಿ ಯಾರೋ ಎಚ್ಚರವಾಗಿರುತ್ತಾರೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಹೋಗುವ ಮುನ್ನ ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿ. ಹಿರಿಯರ ಆರೈಕೆಯ ಮಾಹಿತಿಗೆ 14567 ಎಂಬ ಹಿರಿಯರ ಸಹಾಯವಾಣಿಯೂ ಇದೆ.

ಮಗಳು ನೋಡಿದಳು ಎಂದು ಬರೆದಿದ್ದೀರಿ. ಅವಳಿಗೆ ಹೇಳಿ: ‘ಅಂದು ನನಗೆ ತಡೆಯಲಾಗಲಿಲ್ಲ, ಅದಕ್ಕೇ ಇನ್ನು ಮೇಲೆ ಅಪ್ಪ ರಾತ್ರಿ ನೋಡಿಕೊಳ್ಳುತ್ತಾರೆ.’ ಪಿಯುಸಿ ಓದುವ ಹುಡುಗಿಗೆ ಅಷ್ಟು ಅರ್ಥವಾಗುತ್ತದೆ. ಅಜ್ಜಿಯ ಕೆಲಸ ಅವಳಿಗೆ ಹಂಚಬೇಡಿ, ಪರೀಕ್ಷೆ ಮುಗಿಯಲಿ.

*

ಪ್ರಶ್ನೆ: ಮನೆಯಲ್ಲಿ ಒಂದಲ್ಲ ಒಂದು ತೊಂದರೆ, ಮಾನಸಿಕ ಒತ್ತಡ ಬಹಳ. ಜ್ಯೋತಿಷಿಯೊಬ್ಬರು ಹದಿನೆಂಟು ಸಾವಿರದ ಮುತ್ತಿನ ಉಂಗುರ ಹಾಕಿಕೊಳ್ಳಲು ಹೇಳಿದ್ದಾರೆ. ಹಾಕಿಕೊಳ್ಳಲೇ? (ಮಂಡ್ಯದ ಓದುಗರು)

ಉತ್ತರ: ತೊಂದರೆ ಏನೆಂದು ನೀವು ಬರೆದಿಲ್ಲ, ಆದರೂ ಹದಿನೆಂಟು ಸಾವಿರ ಕೈಯಲ್ಲಿದ್ದರೆ ಆ ತೊಂದರೆಗಳಲ್ಲಿ ಕನಿಷ್ಠ ಒಂದಾದರೂ ತೀರುತ್ತದೆ ಎಂಬ ಗುಮಾನಿ ನನಗಿದೆ.

*

ಪ್ರಶ್ನೆ: ನಾನು ಹುಬ್ಬಳ್ಳಿಯವನು, ವಯಸ್ಸು 52. ನನ್ನ ಹೆಂಡತಿಗೆ ಸ್ತನ ಕ್ಯಾನ್ಸರ್, ಶಸ್ತ್ರಚಿಕಿತ್ಸೆ ಆಗಿ ಈಗ ಕಿಮೋ ನಡೆದಿದೆ. ಕಾಯಿಲೆಗಿಂತ ನೆಂಟರ ಕಾಟ ಹೆಚ್ಚಾಗಿದೆ. ದಿನಕ್ಕೆ ಮೂವತ್ತು ಫೋನು, ಎಲ್ಲರಿಗೂ ಮೊದಲಿನಿಂದ ಕತೆ ಹೇಳಬೇಕು. ಸೋದರಮಾವ ಏನೇನೋ ಎಲೆಯ ರಸ ತಂದು ಕುಡಿಸಲು ಬರುತ್ತಾರೆ. ನೆಗಡಿ ಕೆಮ್ಮು ಇದ್ದವರೂ ‘ನೋಡಿ ಹೋಗೋಣ ಎಂದು ಬಂದೆವು’ ಎನ್ನುತ್ತಾರೆ. ಬೇಡ ಎಂದರೆ ಸಂಬಂಧ ಕೆಡುತ್ತದೆ. ನನಗೆ ಈಗ ಫೋನು ಬಡಿದುಕೊಂಡರೆ ಎದೆ ಬಡಿದುಕೊಳ್ಳುತ್ತದೆ.

ಉತ್ತರ: ಸಂಬಂಧ ಕೆಟ್ಟರೆ ಆಮೇಲೆ ಸರಿ ಮಾಡಿಕೊಳ್ಳಬಹುದು. ಈಗ ಸೋಂಕು ತಗುಲಿದರೆ ಅಷ್ಟು ಸುಲಭವಲ್ಲ. ಪ್ರತಿ ಕಿಮೋ ಆದ ಮೇಲೆ ಒಂದೆರಡು ವಾರದ ಆಸುಪಾಸಿನಲ್ಲಿ ರಕ್ತದ ಬಿಳಿಕಣಗಳು ಇಳಿಯುತ್ತವೆ, ಸಣ್ಣ ಸೋಂಕೂ ದೊಡ್ಡದಾಗುತ್ತದೆ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮನೆಯಲ್ಲಿ ಮಾತ್ರೆ ನುಂಗಿಸಿ ಬೆಳಗಿನವರೆಗೆ ನೋಡೋಣ ಎನ್ನಬಾರದು, ಆ ಹೊತ್ತಿಗೇ ಆಸ್ಪತ್ರೆಗೆ ಫೋನ್ ಮಾಡಬೇಕು. ಥರ್ಮಾಮೀಟರ್ ಮನೆಯಲ್ಲಿದೆಯೇ ನೋಡಿ.

ಬೇಡ ಎನ್ನುವ ಕೆಲಸವನ್ನು ಡಾಕ್ಟರ ತಲೆಗೆ ಕಟ್ಟಿ. ‘ಡಾಕ್ಟರು ಯಾರನ್ನೂ ಒಳಗೆ ಬಿಡಬೇಡಿ ಎಂದಿದ್ದಾರೆ’ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿ. ಮನೆಯ ಯಜಮಾನನ ಮೇಲೆ ಮುನಿಸಿಕೊಳ್ಳುವ ನೆಂಟರು ಡಾಕ್ಟರ ಮೇಲೆ ಮುನಿಸಿಕೊಳ್ಳುವುದಿಲ್ಲ. ಎಲೆಯ ರಸಕ್ಕೂ ಅದೇ ಉತ್ತರ. ಇದು ನೆಪವೂ ಅಲ್ಲ, ಕೆಲವು ಗಿಡಮೂಲಿಕೆಗಳು ಕಿಮೋ ಔಷಧದ ಕೆಲಸವನ್ನು ಕೆಡಿಸುವುದುಂಟು. ಕ್ಯಾನ್ಸರ್ ವೈದ್ಯರನ್ನು ಕೇಳದೆ ಏನೂ ಬೇಡ.

ಫೋನಿನ ಹೊಣೆ ನಿಮ್ಮದಲ್ಲ. ಬಳಗದಲ್ಲಿ ಸುದ್ದಿ ಹೇಳುವುದೆಂದರೆ ಖುಷಿಪಡುವವರು ಒಬ್ಬರು ಇದ್ದೇ ಇರುತ್ತಾರೆ. ಚಿಕ್ಕಮ್ಮನೋ ಷಡ್ಡಕನೋ, ಅವರನ್ನು ಹಿಡಿಯಿರಿ. ವಾರಕ್ಕೊಮ್ಮೆ ನೀವು ಅವರೊಬ್ಬರಿಗೇ ಹೇಳಿ, ಬಳಗದ ವಾಟ್ಸ್‌ಆ್ಯಪ್ ಗುಂಪಿಗೆ ಅವರು ಹಾಕಲಿ. ಉಳಿದ ಕರೆಗಳನ್ನು ಎತ್ತಬೇಡಿ. ಹೆಂಡತಿಯ ಮುಂದಂತೂ ಎತ್ತಲೇಬೇಡಿ. ತನ್ನ ಕಾಯಿಲೆಯ ಕತೆಯನ್ನು ಗಂಡ ಮೂವತ್ತು ಸಲ ಹೇಳುವುದನ್ನು ಮಂಚದ ಮೇಲೆ ಮಲಗಿ ಕೇಳುವವರು ಅವರು. ಯಾವ ನೆಂಟರು ಬರಬಹುದು, ಯಾರು ಬೇಡ ಎಂದು ಅವರನ್ನೇ ಕೇಳಿ. ಆ ಪಟ್ಟಿ ನೀವು ಅಂದುಕೊಂಡ ಹಾಗೆ ಇರುವುದಿಲ್ಲ.

‘ಏನು ಸಹಾಯ ಬೇಕು ಹೇಳಿ’ ಎನ್ನುವವರಿಗೆ ‘ಏನೂ ಬೇಡ’ ಎನ್ನುವ ರೂಢಿ ನಮ್ಮ ಗಂಡಸರಿಗೆ ಹೆಚ್ಚು. ಕೆಲಸ ಕೊಡಿ. ಅತ್ತಿಗೆ ಸೋಮವಾರ, ಗುರುವಾರ ರೊಟ್ಟಿ ಪಲ್ಯ ಕಳಿಸಲಿ. ವಿದ್ಯುತ್ ಬಿಲ್ಲು, ಗ್ಯಾಸು ನಿಮ್ಮ ತಮ್ಮ ನೋಡಿಕೊಳ್ಳಲಿ. ಸೋದರಮಾವನಿಗೆ ಓಡಾಡುವ ಉತ್ಸಾಹವಿದೆ ಎಂದು ಕಾಣುತ್ತದೆ. ಮುಂದಿನ ಕಿಮೋ ದಿನ ರಕ್ತಪರೀಕ್ಷೆಯ ವರದಿ ತರುವುದು, ಔಷಧದ ಸಾಲಿನಲ್ಲಿ ನಿಲ್ಲುವುದು ಅವರಿಗಿರಲಿ. ನೀವು ಅಷ್ಟು ಹೊತ್ತು ಹೆಂಡತಿಯ ಪಕ್ಕದ ಕುರ್ಚಿಯಲ್ಲಿ ಕುಳಿತಿರಬಹುದು, ಫೋನನ್ನು ಸೋದರಮಾವನ ಕೈಗೇ ಕೊಟ್ಟು.